ಹುಲಿಗೆಮ್ಮನ ಒಂಬತ್ತನೆಯ ಗುಣಿ

ಮೂರು ವರ್ಷದ ಹಿಂದಿನ ಮೇ ತಿಂಗಳು, ಎರಡನೆಯ ಗುರುವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ನಾನು ಕೃಷ್ಣಾ ನದಿಯ ನಡುವಿನ ಒಂದು ಗಡ್ಡಿಯ ಮೇಲೆ, ಮೂಡಣ ದಂಡೆಯಲ್ಲಿ, ನೇರಳೆ ಗಿಡದ ಬೊಡ್ಡೆಗೆ ಎಡಗೈ ಊರಿ ನಿಂತಿದ್ದೆ. ಬಲಗೈಯಲ್ಲಿ ಲಸಿಕೆ ಇಟ್ಟುಕೊಂಡ ಐಸ್ ಡಬ್ಬಿ ಇತ್ತು. ನಾನು ನಿಂತ ಜಾಗದಿಂದ ಕೆಳಗೆ ಉಸುಕಿನ ಇಳಿಜಾರು. ಇಪ್ಪತ್ತು ಹೆಜ್ಜೆಗೆ ಹುಲಿಗೆಮ್ಮನ ಒಂಬತ್ತನೆಯ ಗುಣಿ. ಅಲ್ಲಿಂದ ಹನ್ನೆರಡು ಹೆಜ್ಜೆಗೆ ನೀರು. ಈ ಹೆಜ್ಜೆಗಳನ್ನು ನಾನು ಎಣಿಸಿದ್ದು ಎಲ್ಲ ಮುಗಿದ ಮೇಲೆ. ಆ ಹೊತ್ತಿನಲ್ಲಿ ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಗಡ್ಡಿಯ ಹೆಸರು ಬರೆಯುವುದಿಲ್ಲ. ಲಿಂಗಸುಗೂರು ತಾಲೂಕಿನಲ್ಲಿ ಇಂಥ ನಡುಗಡ್ಡೆಗಳು ಇನ್ನೂ ಇವೆ, ಅವುಗಳಲ್ಲಿ ಇದೊಂದು ಎಂದಷ್ಟೇ ತಿಳಿದರೆ ಸಾಕು. ಹೆಸರು ಅಚ್ಚಾದರೆ ಮೊಬೈಲ್ ಹಿಡಿದು ನೋಡಲು ಬರುವವರು ಹೆಚ್ಚಾಗುತ್ತಾರೆ. ಅದು ಆಗಬಾರದು.

ನನ್ನ ಊರು ಸಿಂಧನೂರು ತಾಲೂಕಿನ ವಳಕಮದಿನ್ನಿ. ಕಾಲುವೆ ನೀರು, ಭತ್ತದ ಗದ್ದೆ ನೋಡಿ ಬೆಳೆದವನು. ಹೊಳೆ ನನಗೆ ಗೊತ್ತಿಲ್ಲ. ಗುರುಗುಂಟಾದ ಕಡೆ ಪಶು ಆಸ್ಪತ್ರೆಯ ಕೆಲಸಕ್ಕೆ ಸೇರಿ ಆಗ ನಾಲ್ಕು ವರ್ಷವಾಗಿತ್ತು. ಹೆಂಡತಿ ಮಸ್ಕಿಯಲ್ಲಿ ಶಾಲೆಯ ಟೀಚರು, ಮನೆ ಅಲ್ಲೇ. ನಾನು ಗುರುಗುಂಟಾದಲ್ಲಿ ಒಂದು ಖೋಲಿ ಹಿಡಿದುಕೊಂಡು ಶನಿವಾರ ಮನೆಗೆ ಹೋಗುತ್ತಿದ್ದೆ. ನಾನು ಡಾಕ್ಟರಲ್ಲ, ಲಸಿಕೆ ಹಾಕುವವನು, ಗಾಯಕ್ಕೆ ಮುಲಾಮು ಹಚ್ಚುವವನು. ಆದರೆ ಸೂಜಿ ಹಿಡಿದವರೆಲ್ಲ ಹಳ್ಳಿಯಲ್ಲಿ ಡಾಕ್ಟರೇ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ಹಾಗೆ ಕರೆಸಿಕೊಳ್ಳುವುದು ಹಿತವಾಗಿಯೂ ಇತ್ತು. ನಾನು ಹೇಳಬೇಕಾದ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ.

ಗಡ್ಡಿಯ ಮೇಲೆ ಹತ್ತಾರು ಮನೆಗಳಿವೆ. ನಡುವೆ ಹೊಲ, ಸುತ್ತ ದಂಡೆಗೆ ನೇರಳೆ, ಹೊಂಗೆ, ಲಕ್ಕಿ ಗಿಡಗಳ ಒತ್ತಾದ ಕಾಡು. ಅದರಿಂದಾಚೆ ನೀರಿನ ಅಂಚಿಗೆ ಆಳೆತ್ತರ ಬೆಳೆದ ಆಪು. ಆಪು ಎಂದರೆ ಜೊಂಡು, ಬೇರಿನಿಂದ ಕೆಸರನ್ನೂ ಉಸುಕನ್ನೂ ಹಿಡಿದು ನಿಲ್ಲಿಸುವ ಹುಲ್ಲು. ಬೇಸಿಗೆಗೆ ಹೊಳೆ ಇಳಿದಾಗ ಮೂಡಣ ದಂಡೆಯಲ್ಲಿ ಅಗಲವಾದ ಉಸುಕು ಬಿಡುತ್ತದೆ. ಅದರಲ್ಲಿ ಇಲ್ಲಿನ ಹೆಂಗಸರು ಕಲ್ಲಂಗಡಿ, ಕರಬೂಜ ಬೆಳೆಯುತ್ತಾರೆ. ಮೊಣಕೈ ಆಳದ ಗುಣಿ ತೋಡಿ, ಹಸಿ ಉಸುಕು ಸಿಕ್ಕ ಮೇಲೆ ಗೊಬ್ಬರ ಹಾಕಿ, ಬೀಜ ಊರಿ, ಮೇಲೆ ಜಾಲಿ ಮುಳ್ಳು ಮುಚ್ಚುತ್ತಾರೆ.

ಈ ಗುಣಿಗಳಿಗೆ ಎರಡು ಕಟ್ಟಳೆ ಉಂಟು. ಉಸುಕಿನಲ್ಲಿ ಯಾರ ಕೈಗೆ ಮೊದಲು ಹಸಿ ಹತ್ತುತ್ತದೋ, ಹಣ್ಣು ಮುಗಿಯುವ ತನಕ ಆ ಗುಣಿ ಅವರದು. ಅದರಲ್ಲಿ ಏನು ಹುಟ್ಟಿದರೂ ಅವರೇ ಕಾಯಬೇಕು. ಎರಡನೆಯದು, ಬಿತ್ತಿದ ಗುಣಿಗೆ ಕಬ್ಬಿಣ ತಾಗಿಸಬಾರದು. ಕುಡಗೋಲು, ಸಲಿಕೆ ಏನೂ ಕೂಡದು, ಬರಿಗೈ ಮಾತ್ರ. ಉಸುಕಿನೊಳಗೆ ಕೂದಲಿನಂಥ ಬೇರು ಎಲ್ಲಿ ಹರಿದಿರುತ್ತದೋ ಕಣ್ಣಿಗೆ ಕಾಣುವುದಿಲ್ಲ.

ಆ ವರ್ಷದ ಮಾರ್ಚ್‌ನಲ್ಲಿ ಆಡುಗಳಿಗೆ ಲಸಿಕೆ ಹಾಕಲು ಹೋಗಿದ್ದೆ. ಕೆಲಸ ಮುಗಿಸಿ ಕೈ ತೊಳೆಯುವಾಗ ಹುಲಿಗೆಮ್ಮನ ಸೊಸೆ ಈರಮ್ಮ ನೀರು ಹಾಕುತ್ತಾ ಹೇಳಿದಳು:

"ಡಾಕ್ಟ್ರ, ನಮ್ಮತ್ತಿ ಈ ವರ್ಷ ಕಲ್ಲಂಗಡಿ ಬಿಟ್ಟು ಮೊಸಳಿ ಬಿತ್ಯಾಳ್ರಿ. ಬಂದು ನೋಡ್ರಿ ಬೆಳಿ."

ಹುಲಿಗೆಮ್ಮನಿಗೆ ಅರವತ್ತು ದಾಟಿರಬೇಕು. ಸಣ್ಣ ಆಳು, ಗಟ್ಟಿ ಕೈ. ಅವಳು ನಗಲೂ ಇಲ್ಲ, ಸಿಟ್ಟಿಗೇಳಲೂ ಇಲ್ಲ. ನನ್ನನ್ನು ಉಸುಕಿಗೆ ಕರೆದುಕೊಂಡು ಹೋಗಿ ತನ್ನ ಸಾಲಿನ ಒಂಬತ್ತನೆಯ ಗುಣಿ ತೋರಿಸಿದಳು. ಎಂಟು ಗುಣಿ ತೋಡಿ ಒಂಬತ್ತನೆಯದಕ್ಕೆ ಕೈ ಹಾಕಿದಾಗ ಬೆರಳಿಗೆ ತತ್ತಿ ಹತ್ತಿದ್ದವು. ಮೂರು ಕಂಡವು, ಇನ್ನೂ ಕೆಳಗಿದ್ದವು, ಮುಚ್ಚಿಬಿಟ್ಟೆ ಎಂದಳು. ಉಳಿದ ಗುಣಿಗಳಿಗೆ ಹಾಕಿದ ಹಾಗೆಯೇ ಅದಕ್ಕೂ ಮುಳ್ಳು ಹಾಕಿದ್ದಳು.

"ನನ್ನ ಗಬ್ಬದ ಆಡು ಹೋದ ಮಳಿಗಾಲದಾಗ ಎಳಕೊಂಡು ಹೋದದ್ದು ಯಾರ್ರಿ?" ಎಂದು ಈರಮ್ಮ ನನ್ನನ್ನೇ ಕೇಳಿದಳು. "ಈಗ ಅದರ ಬಾಣಂತನ ನಾವು ಮಾಡೂದಾ? ಒಂದು ಸಲಿಕಿ ಹಾಕಿದ್ರ ಮುಗೀತಿತ್ತು."

"ಕೈಗೆ ಹತ್ತೇತಿ. ನನ್ನ ಗುಣಿ," ಅಂದಳು ಹುಲಿಗೆಮ್ಮ.

ನಮ್ಮನ್ನು ದಾಟಿಸುವ ಹರಗೋಲಿನ ಹುಸೇನಪ್ಪ ಬೀಡಿ ಹಚ್ಚಿಕೊಂಡು ದೂರ ಕೂತಿದ್ದ. "ಯಕ್ಕ, ಈ ಬೆಳಿ ಹಣ್ಣಾದ ಮ್ಯಾಲ ಸಂತಿಗಿ ಒಯ್ಯಾಕ ಬರಂಗಿಲ್ಲ ನೋಡು," ಎಂದು ಕೂಗಿದ. "ನನ್ನ ಹರಗೋಲಿನಾಗಂತೂ ಹಾಕಬ್ಯಾಡ."

"ಒಯ್ಯಾಕ ಯಾರು ಅಂದಾರ? ನೀರಿಗಿ ಬಿಡೂದು. ನಿನಗ ಬಾಡಿಗಿ ಇಲ್ಲ."

ಗುಣಿಯ ಒಂದು ಮಗ್ಗುಲಲ್ಲಿ ಉಸುಕು ಕೆದರಿತ್ತು. ಬೆಳ್ಳನೆಯ ತತ್ತಿಯ ಸಿಪ್ಪೆ ಬಿದ್ದಿತ್ತು. ಉಡವೋ ನಾಯಿಯೋ ಬಂದಿರಬೇಕು. ಹುಲಿಗೆಮ್ಮ ನನ್ನ ಮುಖ ನೋಡಿದಳು. "ನೀವು ಹೇಳ್ರಿ ಡಾಕ್ಟ್ರ. ಏನು ಮಾಡೂನು?"

ಮೊಸಳೆಯ ವಿಷಯ ನನಗೆ ಒಂದಕ್ಷರ ತಿಳಿಯದು. ಹಾಗೆಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಕುರಿ ದಡ್ಡಿಗೆ ಸುತ್ತುವ ಹಳೆಯ ನೈಲಾನ್ ಬಲೆ ಒಂದು ತರಿಸಿದೆ. ನಾಲ್ಕು ಗೂಟಗಳನ್ನು ಕಲ್ಲಿನಿಂದ ಆಳಕ್ಕೆ ಹೊಡೆದೆ. ಮುಳ್ಳಿನ ಮೇಲೆ ಬಲೆ ಎಳೆದು, ನಾಲ್ಕೂ ಮೂಲೆಗೆ ನಾರಿನ ಹಗ್ಗ ಹಾಕಿ, ಪುಂಡ ದನ ಕಟ್ಟುವಾಗ ಹಾಕುವ ಗಂಟು ಹಾಕಿದೆ. ಜಗ್ಗಿದಷ್ಟೂ ಬಿಗಿಯಾಗುವ ಗಂಟು ಅದು. ನಾಯಿ ಎಷ್ಟು ಎಳೆದರೂ ಬಿಚ್ಚಬಾರದು ಎಂಬುದು ನನ್ನ ಲೆಕ್ಕ. ಎದ್ದು ನಿಂತು ಕೈ ಝಾಡಿಸಿಕೊಂಡಾಗ ನನಗೆ ಬಹಳ ಸಂತೋಷವಾಗಿತ್ತು. ಒಂದು ಫೋಟೋ ಕೂಡ ತೆಗೆದುಕೊಂಡೆ.

ಮರುದಿನ ಅರಣ್ಯ ಇಲಾಖೆಯ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಅವರು ಖುಷಿಪಟ್ಟರು. "ಮುಟ್ಟಬ್ಯಾಡ್ರಿ, ಮುಚ್ಚಬ್ಯಾಡ್ರಿ, ಜನ ಸೇರಿಸಬ್ಯಾಡ್ರಿ. ತಾಯಿ ಅಲ್ಲೇ ನೀರಾಗ ಇರ್ತೈತಿ, ತಾನ ನೋಡ್ಕೊಂತೈತಿ," ಎಂದರು. ನಾನು ಆಯ್ತು ಎಂದೆ. ಬಲೆಯ ಮಾತು ಎತ್ತಲಿಲ್ಲ. ಮುಚ್ಚಬೇಡಿ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ನಾನು ಕಟ್ಟಿ ಬಂದಾಗಿತ್ತು, ಹೋಗಿ ಬಿಚ್ಚಿದರೆ ಡಾಕ್ಟರಿಗೆ ತಿಳಿಯಲಿಲ್ಲ ಅಂದುಕೊಳ್ಳುತ್ತಾರೆ ಎನ್ನಿಸಿತು. ಹುಲಿಗೆಮ್ಮನಿಗೂ ಹೇಳಲಿಲ್ಲ. ನಡುವೆ ಎರಡು ತಿಂಗಳು ಕಳೆದವು.

ಮೇ ತಿಂಗಳಲ್ಲಿ ಕರುಳುಬೇನೆಯ ಲಸಿಕೆ ಬಂತು. ಬಿಸಿಲೇರುವ ಮುಂಚೆ, ಆಡುಗಳು ಮೇಯಲು ಬಿಡುವ ಮುಂಚೆ ಮುಗಿಸಬೇಕೆಂದು ನಸುಕಿನಲ್ಲೇ ಬೈಕು ಹತ್ತಿದೆ. ಹಿಂದಿನ ಸಂಜೆ ಗುಡುಗಿ ಒಂದು ಅಡ್ಡಮಳೆ ಬಿದ್ದಿತ್ತು. ದಾರಿಯ ಕೆಮ್ಮಣ್ಣು ಬೈಕಿನ ಬೆಳಕಿಗೆ ಹೊಳೆಯುತ್ತಿತ್ತು. ಹೊಳೆಯ ದಂಡೆಗೆ ಬಂದಾಗ ನೀರಿನ ಮೇಲೆ ತೆಳ್ಳನೆಯ ಬಿಳಿ ಹಬೆ ನಿಂತಿತ್ತು. ಗಡ್ಡಿ ಕಾಣುತ್ತಿರಲಿಲ್ಲ. ಗಿಡಗಳ ತಲೆಗಳಷ್ಟೇ ಯಾವುದಕ್ಕೂ ಅಂಟಿಕೊಳ್ಳದೆ ಮೇಲೆ ತೇಲುತ್ತಿದ್ದವು.

ಹುಸೇನಪ್ಪ ಹರಗೋಲು ನೂಕಿದ. ಹುಟ್ಟು ನೀರಿಗೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಿದ್ದೆ ಸರಿಯಾಗಿರಲಿಲ್ಲವಾದ್ದರಿಂದ ನನಗೆ ಹರಗೋಲು ಮುಂದೆ ಹೋಗುತ್ತಿದೆಯೋ ಇದ್ದಲ್ಲೇ ತಿರುಗುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ಎಡಕ್ಕೆ ಒಂದು ನೀರುನಾಯಿ ತಲೆ ಎತ್ತಿ, ನಮ್ಮನ್ನು ನೋಡಿ, ಒಂದಿಷ್ಟೂ ಅಲೆ ಎಬ್ಬಿಸದೆ ಮುಳುಗಿತು. ಆಮೇಲೆ ಹುಸೇನಪ್ಪ ಹುಟ್ಟು ನಿಲ್ಲಿಸಿದ.

"ಸಾಹೇಬ್ರ, ಕೇಳ್ರಿ."

ಕೇಳಿದೆ. ಸಂತೆಯಲ್ಲಿ ಬುಟ್ಟಿಯೊಳಗೆ ಮುಚ್ಚಿಟ್ಟ ಕೋಳಿಮರಿಗಳ ಸದ್ದಿನಂತಿತ್ತು. ಆದರೆ ಅದಕ್ಕಿಂತ ಒರಟು, ತುಂಡು ತುಂಡು. ಗಡ್ಡಿಯ ಕಡೆಯಿಂದ ಬರುತ್ತಿತ್ತು, ಆದರೆ ಗಾಳಿಯಲ್ಲಿ ಬರುತ್ತಿರಲಿಲ್ಲ. ನೆಲದೊಳಗಿಂದ, ನೀರಿನೊಳಗಿಂದ ಹಾದು ಹರಗೋಲಿನ ತಳಕ್ಕೆ ತಾಗುತ್ತಿದೆ ಎನ್ನಿಸಿತು. ನಾನು ಹರಗೋಲಿನ ತೊಗಲಿಗೆ ಅಂಗೈ ಇಟ್ಟು ನೋಡಿದೆ.

ನನ್ನನ್ನು ಇಳಿಸಿ ಹುಸೇನಪ್ಪ ಹರಗೋಲನ್ನು ನೀರಿನಲ್ಲೇ ಸುತ್ತಿಸಿ ಮೂಡಣ ದಂಡೆಗೆ ತಂದ. ನಾನು ಲಕ್ಕಿ ಪೊದೆಗಳ ನಡುವಿನ ಕಾಲುದಾರಿಯಲ್ಲಿ ನಡೆದು ನೇರಳೆ ಗಿಡದ ಬುಡಕ್ಕೆ ಬಂದೆ. ಹುಲಿಗೆಮ್ಮ, ಈರಮ್ಮ ಇಬ್ಬರೂ ಆಗಲೇ ಅಲ್ಲಿದ್ದರು. ಈರಮ್ಮ ಬೆರಳು ತೋರಿಸಿದಳು.

ನೀರಿನ ಅಂಚಿನಲ್ಲಿ ಮೊಸಳೆ ಇತ್ತು. ಮೊದಲು ನನಗೆ ಕಾಣಲಿಲ್ಲ. ಒದ್ದೆ ಮರದ ತುಂಡು ಎಂದುಕೊಂಡೆ. ಆ ತುಂಡು ಎದ್ದು ನಾಲ್ಕು ಕಾಲಿನ ಮೇಲೆ ಉಸುಕು ಹತ್ತಿತು. ನಾನು ಎಷ್ಟೋ ಎತ್ತು, ಕೋಣಗಳ ಪಕ್ಕ ನಿಂತವನು. ಇಷ್ಟು ದೊಡ್ಡ ಪ್ರಾಣಿ ಇಷ್ಟು ಸದ್ದಿಲ್ಲದೆ ನಡೆಯುವುದನ್ನು ನೋಡಿರಲಿಲ್ಲ. ಅದು ಗುಣಿಗೆ ಬಂದು, ಮೂತಿಯನ್ನು ಬಲೆಗೆ ಹಚ್ಚಿ, ಸುಮ್ಮನೆ ಇತ್ತು. ಕೆಳಗಿನ ಕೂಗು ಒಮ್ಮೆಲೇ ಜೋರಾಯಿತು. ಮೊಸಳೆ ಬಲೆ ಕಚ್ಚಿ ಹಿಂದಕ್ಕೆ ಎಳೆಯಿತು. ಗೂಟ ಅಲುಗಲಿಲ್ಲ. ಮತ್ತೆ ಎಳೆಯಿತು. ಹಲ್ಲು ಬಲೆಗೆ ಸಿಕ್ಕಿಕೊಂಡಿತು, ತಲೆ ಕೊಡವಿ ಬಿಡಿಸಿಕೊಂಡಿತು. ತುಟಿಯಂಚಿಗೆ ಒಂದು ಜಾಲಿ ಮುಳ್ಳು ಹಾಗೇ ನಾಟಿಕೊಂಡಿತ್ತು. ನೀರಿಗೆ ಹಿಂತಿರುಗಿತು.

"ಬೆಳ್ಳಿಚುಕ್ಕಿ ಮೂಡಿದಾಗಿಂದ ಹಿಂಗ ಮಾಡಾಕತ್ತೈತಿ," ಅಂದಳು ಹುಲಿಗೆಮ್ಮ. "ಬರತೈತಿ, ಜಗ್ಗತೈತಿ, ಹೋಗತೈತಿ. ಒಂದು ಮೂಲಿ ಕಿತ್ತೈತಿ. ಮೂರು ಉಳದಾವ. ಒಳಗಿನವು ದಣದಾವ. ಆಗ ಇನ್ನೂ ಜೋರು ಇತ್ತು ದನಿ."

ಕಾಯಬೇಕೆಂದು ನಾನು ಕಟ್ಟಿದ ಬಲೆಯ ಕೆಳಗೆ ಮರಿಗಳು ಉಸಿರುಕಟ್ಟುತ್ತಿದ್ದವು. ತಾಯಿ ತೋಡಿ ತೆಗೆಯಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಕೋಳಿಯ ಹಾಗೆ ತಾವೇ ಹೊರಬರುತ್ತವೆ ಎಂದುಕೊಂಡಿದ್ದೆ.

ಹುಲಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಈರಮ್ಮ ಆ ಸೆರಗನ್ನೇ ಹಿಡಿದುಕೊಂಡಳು.

"ಅತ್ತಿ, ನಿನ್ನ ಕಾಲು ಬೀಳ್ತೀನಿ. ಹೋಗಬ್ಯಾಡ. ಸತ್ರ ಸಾಯಲಿ ಅವು."

"ಕೈ ಬಿಡಬೇ."

"ಹಂಗಾರ ಕುಡಗೋಲರ ಒಯ್ಯಿ. ಹಗ್ಗ ಕೊಯ್ದು ಓಡಿ ಬಾ."

"ಬಿತ್ತಿದ ಗುಣಿಗೆ ಕಬ್ಬಿಣ ಒಯ್ಯತೀ ಏನು? ಮ್ಯಾಲ ಬಂದಿರತಾವ ಅವು, ಉಸುಕಿನ ಬುಡಕ್ಕ. ಎಲ್ಲಿ ತಲಿ ಐತಿ, ಎಲ್ಲಿ ಬಾಲ ಐತಿ ನಿನಗ ಕಾಣತೈತೇನು?"

ಬರಿಗೈಯಲ್ಲಿ ಇಳಿದಳು. ನೀರಿನ ಕಡೆ ನೋಡುತ್ತಾ, ಸಣ್ಣ ದನಿಯಲ್ಲಿ ಮಾತಾಡುತ್ತಾ ಹೋದಳು. ಬಾಣಂತಿಯ ಕೋಣೆಗೆ ಹೋಗುವ ಹೆಂಗಸರು ಮಾತಾಡುವ ಹಾಗಿತ್ತು ಆ ದನಿ. "ತಡಿಯವ್ವ. ತಡಿ. ನಾವ ಕಟ್ಟೀವಿ, ನಾವ ಬಿಚ್ತೀವಿ. ಎರಡು ಮಾತು ಬೈಯಿ, ಆದ್ರ ಅಲ್ಲೇ ಇರು." ನೀರಿನಲ್ಲಿ ಎರಡು ಕಣ್ಣು ಮತ್ತು ಮೂತಿಯ ತುದಿ ಮಾತ್ರ ಕಾಣುತ್ತಿದ್ದವು. ಅವು ಕದಲಲಿಲ್ಲ. ಹಬೆ ಅವುಗಳ ಮೇಲಿಂದ ನಿಧಾನಕ್ಕೆ ಸರಿಯುತ್ತಿತ್ತು. ಅವಳು ಗುಣಿಯ ಹತ್ತಿರ ಮೊಣಕಾಲೂರಿದಳು.

ಗಂಟು ಬಿಚ್ಚಲಿಲ್ಲ. ಮಳೆಗೆ ನಾರು ಉಬ್ಬಿತ್ತು, ಮೊಸಳೆ ಜಗ್ಗಿ ಜಗ್ಗಿ ಇನ್ನೂ ಬಿಗಿಯಾಗಿತ್ತು. ಅವಳು ತಲೆ ಎತ್ತದೆ ಕೇಳಿದಳು: "ಡಾಕ್ಟ್ರ, ಇದು ಯಾವ ಗಂಟ್ರೀ?"

ನಾನು ಗಿಡದ ಬುಡದಿಂದಲೇ ಹೇಳಿದೆ. "ಒಳಗಿನ ಸುರುಳಿ ಹಿಂದಕ್ಕ ನೂಕಬೇಕು. ಮೊದಲ ಹಗ್ಗ ಸಡಲ ಮಾಡು. ಜಗ್ಗಬ್ಯಾಡ, ನೂಕು."

ಅವಳು ಪ್ರಯತ್ನಿಸಿದಳು. ಆಗಲಿಲ್ಲ. ನಾನು ಮತ್ತೆ ಅದನ್ನೇ ಇನ್ನಷ್ಟು ಜೋರಾಗಿ ಹೇಳಿದೆ.

"ಬಾಯಿಲೆ ಬಿಚ್ಚು ಗಂಟಲ್ಲ ಇದು," ಅಂದಳು ಹುಲಿಗೆಮ್ಮ. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. "ಕಟ್ಟಿದ ಕೈ ಬರಬೇಕು. ಬರ್ರಿ."

ನಾನು ಗಡಿಯಾರ ನೋಡಿದೆ. ಐದು ಐವತ್ತೆರಡು. ನಾನು ಇಳಿಯಲು ಶುರು ಮಾಡಿದ್ದು ಐದು ಐವತ್ತಾರಕ್ಕೆ. ನಡುವಿನ ನಾಲ್ಕು ನಿಮಿಷ ನಾನು ಏನು ಮಾಡಿದೆ ಎಂದರೆ, ಮೊದಲು ಐಸ್ ಡಬ್ಬಿಯನ್ನು ನೆಲಕ್ಕಿಟ್ಟೆ. ಆಮೇಲೆ ಅದರ ಮೇಲೆ ಬಿಸಿಲು ಬಿದ್ದೀತೆಂದು ಎತ್ತಿ ಗಿಡದ ಪಡುವಣ ಮಗ್ಗುಲಿಗೆ ಇಟ್ಟೆ. ಬಿಸಿಲು ಇನ್ನೂ ಹುಟ್ಟಿರಲಿಲ್ಲ. ಮುಚ್ಚಳ ಸರಿಯಾಗಿ ಕೂತಿದೆಯೇ ಒತ್ತಿ ನೋಡಿದೆ. ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದೆ. ಈರಮ್ಮ ಎಲ್ಲವನ್ನೂ ನೋಡುತ್ತಿದ್ದಳು.

ಆಮೇಲೆ ನಡೆದೆ. ಇಪ್ಪತ್ತು ಹೆಜ್ಜೆ. ಉಸುಕು ತಣ್ಣಗಿತ್ತು, ಮಳೆಗೆ ಮೇಲಿನ ಪದರ ಹಪ್ಪಳದಂತೆ ಗಟ್ಟಿಯಾಗಿ, ಪ್ರತಿ ಹೆಜ್ಜೆಗೂ ಒಡೆಯುತ್ತಿತ್ತು. ನಾನು ನಡೆಯುತ್ತಿಲ್ಲ, ಯಾರೋ ನಡೆಯುವುದನ್ನು ಹಿಂದಿನಿಂದ ನೋಡುತ್ತಿದ್ದೇನೆ ಅನ್ನಿಸಿತು. ಹುಲಿಗೆಮ್ಮನ ಪಕ್ಕ ಕೂತಾಗ ಮೊಣಕಾಲಿನ ಕೆಳಗೆ ಉಸುಕು ಮಿಡಿಯಿತು. ಒಂದು ಕಡೆ ಅಲ್ಲ, ಹಲವು ಕಡೆ, ಮಳೆಹನಿ ಕೆಳಗಿನಿಂದ ಮೇಲಕ್ಕೆ ಬೀಳುತ್ತಿರುವಂತೆ. ಅದನ್ನು ನನಗೆ ಇನ್ನು ಹೇಗೆ ಹೇಳಬೇಕೋ ಗೊತ್ತಿಲ್ಲ.

ಮೊದಲ ಗಂಟು ಬಂತು. ಎರಡನೆಯದಕ್ಕೆ ಉಗುರು ಕಿತ್ತಿತು, ಅದೂ ಬಂತು. ಮೂರನೆಯದು ನೀರಿನ ಕಡೆಯ ಮೂಲೆಯಲ್ಲಿತ್ತು. ಅದಕ್ಕೆ ಕೈ ಹಾಕಲು ನಾನು ಹೊಳೆಗೆ ಮುಖ ಮಾಡಿ ಕೂರಬೇಕಾಯಿತು. ಆಗ ನೋಡಿದೆ, ಕಣ್ಣುಗಳು ನೀರಿನಲ್ಲಿರಲಿಲ್ಲ. ಮೊಸಳೆ ಉಸುಕಿನ ಮೇಲೆ ಬಂದಿತ್ತು. ಬಾಯಿ ತೆರೆದಿರಲಿಲ್ಲ. ಒಂದು ದೀರ್ಘ ಉಸಿರು ಬಿಟ್ಟಿತು. ಲಾರಿಯ ಬ್ರೇಕಿನಿಂದ ಗಾಳಿ ಹೊರಟಂತೆ. ನಾನು ಏಳಲು ಹೋದೆ. ಹುಲಿಗೆಮ್ಮನ ಕೈ ನನ್ನ ಹೆಗಲ ಮೇಲೆ ಬಿತ್ತು.

"ಓಡಬ್ಯಾಡ್ರಿ. ಓಡಿದ್ರ ಕಳ್ಳ ಅಂತ ತಿಳಕೊಂತೈತಿ. ಬಿಚ್ರಿ."

ಹೊಳೆಯಲ್ಲಿ ಹುಸೇನಪ್ಪ ಹುಟ್ಟಿನಿಂದ ಹರಗೋಲಿನ ಅಂಚಿಗೆ ಬಡಿಯತೊಡಗಿದ. ದಬ್, ದಬ್. ಮೊಸಳೆ ಆ ಕಡೆ ಕತ್ತು ತಿರುಗಿಸಿತು. ಅಷ್ಟರಲ್ಲಿ ಸುರುಳಿ ಜಾರಿತು. ಹುಲಿಗೆಮ್ಮ ಒಂದು ಅಂಚು, ನಾನೊಂದು ಅಂಚು ಹಿಡಿದು, ಮುಳ್ಳಿನ ಸಮೇತ ಬಲೆಯನ್ನು ಎಳೆದುಕೊಂಡು ಹಿಮ್ಮುಖವಾಗಿ ಹತ್ತಿದೆವು. ಮುಳ್ಳು ಅಂಗೈಗೆ ಇಳಿದದ್ದು ನನಗೆ ಗಿಡದ ಹತ್ತಿರ ಬಂದ ಮೇಲೆ ತಿಳಿಯಿತು.

ಆಮೇಲೆ ಕಂಡದ್ದನ್ನು ಎಷ್ಟು ನಿಧಾನವಾಗಿ ಬರೆದರೂ ಸಾಲದು.

ಮೊಸಳೆ ಗುಣಿಗೆ ಬಂದು ಮುಂಗಾಲಿನಿಂದ ಉಸುಕು ತೋಡಿತು. ಅವಸರವಿರಲಿಲ್ಲ. ಒಂದು ಸಲ ತೋಡಿ ನಿಲ್ಲುವುದು, ತಲೆ ಬಗ್ಗಿಸಿ ಕೇಳುವುದು, ಮತ್ತೆ ತೋಡುವುದು. ಹಳದಿ ಕಪ್ಪು ಪಟ್ಟೆಯ, ನನ್ನ ಅಂಗೈಗಿಂತ ಸ್ವಲ್ಪ ಉದ್ದದ ಮರಿಗಳು ಮೇಲೆ ಬಂದವು. ಮೊಸಳೆ ಬಾಯಿ ತೆರೆದು ಒಂದನ್ನು ಒಳಗೆ ತೆಗೆದುಕೊಂಡಿತು. ಮತ್ತೊಂದು. ಮತ್ತೆರಡು.

"ತಿಂದಬಿಡ್ತೋ ಯಪ್ಪಾ!" ಹುಸೇನಪ್ಪ ನೀರಿನಿಂದ ಚೀರಿದ. "ತನ್ನ ಮರಿ ತಾನ ತಿನ್ನಾಕತ್ತೈತಿ!" ಹರಗೋಲನ್ನು ದಂಡೆಗೆ ತಿರುಗಿಸಿ ಹುಟ್ಟನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿದ.

ನನಗೂ ಹಾಗೇ ಅನ್ನಿಸಿತ್ತು. ಇದಕ್ಕಾಗಿಯೇ ಬಿಚ್ಚಿಕೊಟ್ಟೆವೇ ಎಂದುಕೊಂಡೆ. ಕೂಗಿದವಳು ಈರಮ್ಮ.

"ಏ ಹುಸೇನಪ್ಪ ಮಾವ, ಕೈ ತಡಿಯೋ! ತಿನ್ನಾಕತ್ತಿಲ್ಲ. ಗಂಟಲ ನೋಡು, ನುಂಗ್ಯಾಳೇನು? ಬಾಯಾಗ ಹೊತ್ಕೊಂಡು ಹೊಂಟಾಳ!"

ಹೌದು. ಹಲ್ಲುಗಳ ಸಂದಿಯಿಂದ ಸಣ್ಣ ತಲೆಗಳು ಹೊರಗೆ ನೋಡುತ್ತಿದ್ದವು. ಕಿಟಕಿಯಿಂದ ಇಣುಕುವ ಮಕ್ಕಳ ಹಾಗೆ. ಕೂಗು ನಿಂತಿತ್ತು. ಮೊಸಳೆ ಹನ್ನೆರಡು ಹೆಜ್ಜೆ ದೂರವನ್ನು ಇಳಿದು, ಆಪಿನ ಬುಡದಲ್ಲಿ ನೀರು ಮೊಣಕಾಲಷ್ಟಿರುವ ಕಡೆ ಹೋಗಿ, ಬಾಯಿ ತೆರೆದು ತಲೆಯನ್ನು ಮೆಲ್ಲಗೆ ಆಚೀಚೆ ಆಡಿಸಿತು. ಮರಿಗಳು ತೊಳೆದು ಹೊರಬಂದಂತೆ ನೀರಿಗೆ ಬಂದು ಜೊಂಡಿನ ಬುಡಕ್ಕೆ ಅಂಟಿಕೊಂಡವು. ಅದು ಮತ್ತೆ ಹತ್ತಿ ಬಂತು. ಆರು ಸಲ ಹೀಗೆ ಹೋಗಿ ಬಂತು. ಒಡೆಯದೆ ಉಳಿದ ಒಂದು ತತ್ತಿಯನ್ನು ಹಲ್ಲುಗಳ ನಡುವೆ ಹಿಡಿದು, ನಾಲಿಗೆಯ ಮೇಲೆ ಉರುಳಿಸಿ ಉರುಳಿಸಿ, ಸಿಪ್ಪೆ ಬಿರಿಯುವಷ್ಟೇ ಒತ್ತಿತು. ಆಡಿನ ಎಲುಬು ಮುರಿಯುವ ದವಡೆ ಅದು. ಒಳಗಿನ ಮರಿ ಸಿಪ್ಪೆಯ ಚೂರನ್ನು ತಲೆಯ ಮೇಲೆ ಹೊತ್ತುಕೊಂಡೇ ಹೊರಬಂತು.

ಹುಸೇನಪ್ಪ ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಹರಗೋಲು ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು. ಸೂರ್ಯ ಆಪಿನ ಮೇಲೆ ಬಂದಾಗ ಹಬೆಯೆಲ್ಲ ಕೆಂಪಾಗಿ, ನೀರು ಯಾವುದು ಆಕಾಶ ಯಾವುದು ತಿಳಿಯದೆ, ಮೊಸಳೆ ಆ ಕೆಂಪಿನೊಳಗೆ ಹೋಗಿ ಬಂದು ಮಾಡುತ್ತಿತ್ತು. ಕೊನೆಯ ಸಲ ಹೋದದ್ದು ತಿರುಗಿ ಬರಲಿಲ್ಲ. ಆಗ ಆರು ಐವತ್ತು.

ಬಲೆ ಮಡಿಸಲು ಹೋದಾಗ ನೋಡಿದೆ. ಮೂರು ಮರಿಗಳು ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡು ಸತ್ತಿದ್ದವು. ಅವು ತಾವೇ ಉಸುಕು ಸೀಳಿಕೊಂಡು ಮೇಲೆ ಬಂದಿದ್ದವು. ಒಂದರ ಕತ್ತು ಇನ್ನೂ ಮೆತ್ತಗಿತ್ತು. ಆ ಸಾವು ನನ್ನ ನಾಲ್ಕು ನಿಮಿಷಕ್ಕೆ ಸೇರಿದ್ದೋ, ಅದಕ್ಕಿಂತ ಮೊದಲಿನದೋ ನಾನು ಹೇಳಲಾರೆ. ಸೇರಿರಬಹುದು. ಹುಲಿಗೆಮ್ಮ ಒಂದೊಂದನ್ನೂ ಬಿಡಿಸಿದಳು. ಬರಿಗೈಯಿಂದ ಅದೇ ಗುಣಿಯಲ್ಲಿ ಇಟ್ಟು ಉಸುಕು ಎಳೆದಳು. ಈರಮ್ಮ ಹತ್ತಿರ ಕೂತು ಮೇಲೆ ಅಂಗೈ ಸವರಿ ಸಮ ಮಾಡಿದಳು. ಸಲಿಕೆ ಹಾಕಬೇಕೆಂದವಳು ಅವಳೇ.

ಆಡುಗಳ ದಡ್ಡಿಗೆ ಹೋಗಿ ಲಸಿಕೆ ಹಾಕಿದೆ. ಮೊದಲ ಎರಡು ಸೂಜಿ ಬಗ್ಗಿದವು. ಆಡಿನ ಕಿವಿ ಹಿಡಿದು ನಿಂತಿದ್ದ ಈರಮ್ಮ, "ಡಾಕ್ಟ್ರ, ಇವು ಆಡು ಅದಾವ್ರಿ. ಕಚ್ಚಂಗಿಲ್ಲ. ಹೆದರಬ್ಯಾಡ್ರಿ," ಅಂದಳು. ಆಮೇಲೆ ತಾನೇ ಮುಖ ತಿರುಗಿಸಿ ಅತ್ತಳು.

ಹೊರಡುವ ಮುಂಚೆ ಹುಲಿಗೆಮ್ಮನಿಗೆ ಫೋನಿನ ವಿಷಯ ಹೇಳಿದೆ. ಮುಚ್ಚಬೇಡಿ ಎಂದು ಅವರು ಮಾರ್ಚ್‌ನಲ್ಲೇ ಹೇಳಿದ್ದರು, ನಾನು ಬಂದು ಬಿಚ್ಚಲಿಲ್ಲ, ನಿನಗೂ ತಿಳಿಸಲಿಲ್ಲ ಎಂದೆ. ಅವಳು ಅಂಗೈಯ ಮುಳ್ಳು ತೆಗೆಯುತ್ತಿದ್ದಳು.

"ಹೇಳಿದ್ರ ನಾನ ಬಿಚ್ತಿದ್ದೆ," ಅಂದಳು. "ಅಷ್ಟ ಆಗತಿತ್ತು."

ಆಮೇಲೆ ನನ್ನ ಕೈ ಎಳೆದುಕೊಂಡು ಅದರಲ್ಲಿದ್ದ ಮುಳ್ಳನ್ನೂ ತೆಗೆದಳು.

ಅರಣ್ಯ ಇಲಾಖೆಯವರಿಗೂ ಅದೇ ದಿನ ಎಲ್ಲವನ್ನೂ, ಬಲೆಯನ್ನೂ ಸೇರಿಸಿ, ಹೇಳಿದೆ. ಬೈಸಿಕೊಂಡೆ. ಬೈದದ್ದು ನ್ಯಾಯ. ಮರುವರ್ಷ ಗಡ್ಡಿಯವರು ಕೂತು ಮಾತಾಡಿದರು. ಜಗಳವೂ ಆಯಿತು, ಮೂಡಣ ಉಸುಕು ಒಳ್ಳೆಯ ಉಸುಕು, ಹಣ್ಣು ಅಲ್ಲಿ ಸಿಹಿ. ಹುಲಿಗೆಮ್ಮ ತನ್ನ ಒಂಬತ್ತೂ ಗುಣಿಯನ್ನು ಬಿಟ್ಟುಕೊಟ್ಟೆ ಎಂದಳು. ಅವಳು ಬಿಟ್ಟ ಮೇಲೆ ಆಚೀಚೆಯವರೂ ಬಿಟ್ಟರು. ಈಗ ಆ ದಂಡೆಯಲ್ಲಿ ಬಿತ್ತುವುದಿಲ್ಲ, ಅಲ್ಲಿನ ಆಪು ಕೊಯ್ಯುವುದಿಲ್ಲ, ಆಡು ಬಿಡುವುದಿಲ್ಲ. ಮಾರ್ಚ್‌ನಿಂದ ಮೇ ತನಕ ಇಲಾಖೆಯ ಒಬ್ಬರು ಬಂದು ದೂರದಿಂದ ನೋಡಿಕೊಂಡು ಹೋಗುತ್ತಾರೆ. ಆಪು ದಟ್ಟವಾಗಿ ದಂಡೆಯೂ ಮೊದಲಿಗಿಂತ ಗಟ್ಟಿಯಾಗಿದೆ ಎನ್ನುತ್ತಾರೆ. ನಾನು ಅಳೆದಿಲ್ಲ.

ಯಾರಾದರೂ ಸಲಹೆ ಕೇಳಿದರೆ ಈಗ ನಾನು, ನನಗೆ ಗೊತ್ತಿಲ್ಲ ಎಂದರೆ ಗೊತ್ತಿಲ್ಲ ಎನ್ನುತ್ತೇನೆ. ಡಾಕ್ಟರೆಂದರೆ ತಿದ್ದುತ್ತೇನೆ. ಕಲಿತದ್ದು ಇಷ್ಟೇ. ಆದರೆ ಮಸ್ಕಿಯ ಮನೆಯಲ್ಲಿ ಮಲಗಿ ನಸುಕಿಗೆ ಎಚ್ಚರವಾದಾಗ ಕೆಲವು ಸಲ ಹಾಸಿಗೆಯ ಕೆಳಗಿನ ನೆಲ ಮೆಲ್ಲಗೆ ಮಿಡಿದಂತಾಗುತ್ತದೆ. ಆಗ ಎದ್ದು ಅಂಗೈ ಇಟ್ಟು ನೋಡುತ್ತೇನೆ. ನೆಲ ತಣ್ಣಗಿರುತ್ತದೆ.

ಇದನ್ನು ಕಂಡವರು ನಾವು ನಾಲ್ವರು. ಅಂಬಿಗರ ಹುಸೇನಪ್ಪ ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡ. ತಿನ್ನುತ್ತಿದೆ ಎಂದು ಹುಟ್ಟು ಎತ್ತಿದ್ದನ್ನು ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ಈರಮ್ಮ ಇದ್ದಾಳೆ, ಗಡ್ಡಿಯಲ್ಲೇ. ಹುಲಿಗೆಮ್ಮ ಇದ್ದಾಳೆ. ಕಣ್ಣಿಗೆ ಪೊರೆ ಬಂದಿದೆ, ಆದರೆ ಕೇಳಿದರೆ ಯಾವ ಮೂಲೆಯ ಗಂಟು ಮೊದಲು ಬಿಚ್ಚಿತು ಎಂಬುದನ್ನೂ ಹೇಳುತ್ತಾಳೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವರಿಬ್ಬರ ಮಾತೇ ಸರಿ.